ವಾಡಿಗೆ ಬಂದ ಸಮುದ್ರ

ನಮ್ಮ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಚಿತ್ತಾಪುರದ ಒಂದು ಮದುವೆಯ ಪಂಕ್ತಿಯಲ್ಲಿ. ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಹಳೆಯ ಗೆಳೆಯನೊಬ್ಬ ಹೋಳಿಗೆ ಮುರಿಯುತ್ತ, "ಗೊತ್ತಾತೇನು, ನಿಮ್ಮ ಕೆಮಿಸ್ಟ್ ಸಾಹೇಬ್ರು ಹೋದ್ರಂತ" ಎಂದ. ನನ್ನ ಕೈಯಲ್ಲಿ ನೀರಿನ ಗ್ಲಾಸಿತ್ತು. ಕುಡಿಯಲು ಎತ್ತಿದ್ದನ್ನು ಹಾಗೇ ಕಿಟಕಿಯ ಬೆಳಕಿಗೆ ಹಿಡಿದುಬಿಟ್ಟೆ. "ಯಾಕೋ, ಏನರ ಬಿದ್ದದೇನು?" ಎಂದು ಅವನು ಗಾಬರಿಯಾದ. ಏನೂ ಬಿದ್ದಿರಲಿಲ್ಲ. ಅದು ಸಾಹೇಬರ ಅಭ್ಯಾಸ. ಅವರ ಕೈಕೆಳಗೆ ದುಡಿದವರಿಗೆಲ್ಲ ಅಂಟಿಕೊಂಡಿದೆ.

ಅವರು ನೀರನ್ನು ಸುಮ್ಮನೆ ಕುಡಿದದ್ದನ್ನು ನಾನು ನೋಡಿಲ್ಲ. ಮೊದಲು ಬೆಳಕಿಗೆ ಹಿಡಿಯಬೇಕು, ಆಮೇಲೆ ಮೂಸಬೇಕು, ಒಂದು ಗುಟುಕನ್ನು ಬಾಯೊಳಗೆ ಆಡಿಸಬೇಕು, ಕೊನೆಗೆ ತೀರ್ಪು ಕೊಡಬೇಕು. "ಗಡಸ ಅದ. ಬ್ಯಾಳಿ ಬೇಯಂಗಿಲ್ಲ ನೋಡು." ಸೇಡಂನ ನಮ್ಮ ಮನೆಗೆ ತಂಗಿಯ ನಿಶ್ಚಯಕ್ಕೆ ಬಂದಾಗಲೂ ಹೀಗೇ ಗ್ಲಾಸು ಎತ್ತಿ ಹಿಡಿದರು. ಅವರನ್ನು ನೋಡಿ ಗಂಡಿನ ಕಡೆಯವರೆಲ್ಲ ತಂತಮ್ಮ ಗ್ಲಾಸು ಕೆಳಗಿಟ್ಟರು. ಸಂಬಂಧ ಮುರಿಯಲಿಲ್ಲವೆಂಬುದು ನಮ್ಮ ಪುಣ್ಯ.

ಎಪ್ಪತ್ತರ ದಶಕದ ಮಾತು ಇದು. ವಾಡಿಯ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಅವರು ಲ್ಯಾಬೋರೇಟರಿಯ ಮುಖ್ಯಸ್ಥರು, ನಾನು ಶಿಫ್ಟ್ ಕೆಮಿಸ್ಟ್. ಕಾಲೊನಿಯಲ್ಲಿ ನಮ್ಮ ಕ್ವಾರ್ಟರ್ಸ್‌ಗೆ ಅವರದು ಒತ್ತುಗೋಡೆ. ತೆಂಗಳಿಯ ಒಕ್ಕಲುತನದ ಮನೆಯಿಂದ ಬಂದು, ಹೈದರಾಬಾದಿನಲ್ಲಿ ಓದಿ, ಕಾರ್ಖಾನೆ ಸೇರಿದ ಮೇಲೆ ಬೇರೆ ಪ್ರಪಂಚವೇ ಇಲ್ಲವೆಂಬಂತೆ ಇದ್ದವರು. ಎತ್ತರದ ಆಳು. ಹಣೆಯ ಮೇಲೆ ವಿಭೂತಿ, ಅಂಗಿಯ ಜೇಬಿನಲ್ಲಿ ಗಾಜಿನ ಕಡ್ಡಿ, ಕಾಲಲ್ಲಿ ಸದಾ ಸಿಮೆಂಟು ಮೆತ್ತಿದ ಚಪ್ಪಲಿ.

ಅವರ ಧರ್ಮ ಒಂದೇ. ರೀಡಿಂಗ್ ನೋಡು, ತಪ್ಪಿದ್ದರೆ ತಿದ್ದು. ಸಿಮೆಂಟಿನಲ್ಲಿ ಅದು ಸರಿಯಾದ ಧರ್ಮವೇ. ಸುಣ್ಣಕಲ್ಲನ್ನೂ ಮಣ್ಣನ್ನೂ ಅರೆದು, ಕಿಲ್ನ್ ಎಂಬ ಉದ್ದನೆಯ ತಿರುಗುವ ಕೊಳವೆಯಲ್ಲಿ ಸುಡುತ್ತಾರೆ. ಸುಣ್ಣ ಹೆಚ್ಚಾದರೆ ಮಣ್ಣು ಕೂಡಿಸಬೇಕು, ಮಣ್ಣು ಹೆಚ್ಚಾದರೆ ಸುಣ್ಣ. ತಡ ಮಾಡಿದರೆ ಮಾಲು ಕೆಟ್ಟಿತು. ತಿದ್ದುವುದು ಅವರ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಊಟಕ್ಕೆ ಕುಳಿತಾಗ ರುಚಿ ನೋಡುವ ಮೊದಲೇ ಒಂದು ಕೈ ಉಪ್ಪಿನ ಬಟ್ಟಲಿಗೆ ಹೋಗುತ್ತಿತ್ತು. ರಜೆ ಹಾಕಿದ್ದೇ ಇಲ್ಲ. ತಾವಿಲ್ಲದಾಗ ಯಾರೋ ರೀಡಿಂಗ್ ತಗೊಂಡು, ಯಾರೋ ತಿದ್ದುವುದನ್ನು ಕಲ್ಪಿಸಿಕೊಳ್ಳುವುದೂ ಅವರಿಂದ ಆಗುತ್ತಿರಲಿಲ್ಲ.

"ಕಿಲ್ನಿಗಿ ನೆಗಡಿ ಬಂದ್ರ ಇವ್ರು ಓಡ್ಯಾಡಿ ಕಷಾಯ ಕೊಡ್ತಾರ. ನನಗ ಜ್ವರ ಬಂದ್ರ ರೀಡಿಂಗ್ ಎಷ್ಟದ ಅಂತ ಕೇಳ್ತಾರ" ಎಂದು ವೈನಿ ನಗುತ್ತಿದ್ದರು. ವೈನಿ ಎಂದರೆ ಸಾಹೇಬರ ಮನೆಯವರು. ಕಾಲೊನಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಚಿಂಚೋಳಿ ಕಡೆಯ ಐನಾಪುರದವರು. ಸಣ್ಣ ಮೈ, ದೊಡ್ಡ ನಗು. ಗಂಡನನ್ನು ಕಾಡಿಸದೆ ಇದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ವೈನಿಗೆ ಒಂದೇ ಒಂದು ಆಸೆ ಇತ್ತು. ಸಮುದ್ರ ನೋಡಬೇಕು. ಹೊಸದಾಗಿ ಕಟ್ಟಿದಾಗ ಚಂದ್ರಂಪಳ್ಳಿಯ ಕೆರೆ ನೋಡಲು ತವರಿನವರೊಂದಿಗೆ ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ಗಾಳಿಗೆ ನೀರು ದಂಡೆಗೆ ಬಡಿಯುವುದನ್ನು ನೋಡುತ್ತ ನಿಂತವರು ಮನೆಗೆ ಬರಲೊಲ್ಲೆ ಎಂದರಂತೆ. "ಇದ ಇಷ್ಟು ಛಂದ ಅದ ಅಂದ್ರ ಸಮುದ್ರ ಹ್ಯಾಂಗಿರಬೇಕ್ರಿ!" ಎಂದು ನನಗೂ ಎಷ್ಟೋ ಸಲ ಹೇಳಿದ್ದರು. ಸಾಹೇಬರ ಉತ್ತರವೂ ಪ್ರತಿ ಸಲ ಒಂದೇ. "ಕಿಲ್ನ್ ರಿಪೇರಿ ಮುಗೀಲಿ, ಹೋಗೋಣಂತ." ಕಿಲ್ನಿನ ರಿಪೇರಿ ಯಾವ ಕಾಲಕ್ಕೆ ಮುಗಿದೀತು?

ಆ ವರ್ಷ ವೈನಿಯ ಕಣ್ಣು ಮಸಕಾಗತೊಡಗಿತು. ಹೈದರಾಬಾದಿನ ದೊಡ್ಡ ಡಾಕ್ಟರರು ಪರೀಕ್ಷೆ ಮಾಡಿ, ಇದು ಆಪರೇಶನ್ನಿಗೆ ಬಗ್ಗುವ ಪೊರೆಯಲ್ಲ, ಒಳಗಿನ ನರವೇ ಸೋಲುತ್ತಿದೆ, ಇನ್ನು ವರ್ಷವೋ ಎರಡು ವರ್ಷವೋ ಎಂದು ಸಾಹೇಬರಿಗೆ ಹೇಳಿ ಕಳಿಸಿದರು. ಹೋದದ್ದು ಬೆಳಗಿನ ಗಾಡಿಗೆ, ಬಂದದ್ದು ಸಂಜೆಯ ಗಾಡಿಗೆ. ಅದಕ್ಕೂ ರಜೆ ಹಾಕಲಿಲ್ಲ, ಶಿಫ್ಟ್ ಬದಲಾಯಿಸಿಕೊಂಡಿದ್ದರು. ಮರುದಿನ ಲ್ಯಾಬಿಗೆ ಬಂದವರು ನನ್ನನ್ನು ಹತ್ತಿರ ಕರೆದು, "ತಮ್ಮಾ, ಸಮುದ್ರದ ನೀರು ಇಲ್ಲಿಗೇ ತರಸಬೇಕಂತ ಮಾಡೀನಿ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ವಿವರಿಸಿದರು. ಗಾಜಿನ ತೊಟ್ಟಿ ಕಟ್ಟುವುದು, ಅದರಲ್ಲಿ ಕಡಲ ನೀರು ತುಂಬುವುದು, ಕಡಲ ಮೀನು ಬಿಡುವುದು. "ಅಕಿಗಿ ದೂರದ್ದು ಕಾಣಂಗಿಲ್ಲ. ಬೊಂಬಾಯಿಗಿ ಹೋಗಿ ದಂಡಿ ಮ್ಯಾಲ ನಿಂತ್ರ ಏನ್ ಕಾಣ್ತದ? ಇಲ್ಲಾದ್ರ ಗಾಜಿಗಿ ಮೂಗು ಹಚ್ಚಿ ನೋಡಬಹುದು." ಕೇಳಲು ಎಷ್ಟು ಸರಿಯಾಗಿದೆ! ಹೆಂಡತಿಗಾಗಿ ರಜೆ ಹಾಕುವುದೊಂದನ್ನು ಬಿಟ್ಟು ಈ ಮನುಷ್ಯ ಏನು ಬೇಕಾದರೂ ಮಾಡಿಯಾನು ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು.

ತೊಟ್ಟಿ ಎದ್ದಿತು. ತಳಕ್ಕೆ ಶಹಾಬಾದಿ ಕಲ್ಲು, ಅದರ ಮೇಲೆ ತೆಳುವಾಗಿ ಮರಳು, ನಾಲ್ಕು ಬದಿಗೆ ದಪ್ಪ ಗಾಜು. ಇನ್ನು ಸಮುದ್ರ ಬರಬೇಕು. ವಾಡಿ ಜಂಕ್ಷನ್ ಆದದ್ದರಿಂದ ಅದೇನೂ ಕಷ್ಟವಾಗಲಿಲ್ಲ. ಸಾಹೇಬರ ಜೊತೆ ಸಂಜೆ ಚಹಾ ಕುಡಿಯುವ ಗೆಳೆಯರೊಬ್ಬರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ತಲೆತಲಾಂತರದಿಂದ ಶಹಾಬಾದಿನಲ್ಲಿ ನೆಲೆಸಿದ ಮುಸಲ್ಮಾನ ಮನೆತನದವರು. ಅವರ ತಮ್ಮ ಬೊಂಬಾಯಿಯಲ್ಲಿದ್ದ. ಆಸಿಡ್ ತುಂಬಿ ಬರುತ್ತಿದ್ದ ದೊಡ್ಡ ಗಾಜಿನ ಜಾಡಿಗಳನ್ನು ಲ್ಯಾಬಿನಲ್ಲಿ ಮತ್ತೆ ಮತ್ತೆ ತೊಳೆದು ಕಳಿಸಿದೆವು. ಆ ತಮ್ಮ ಅವುಗಳಲ್ಲಿ ಕಡಲ ನೀರು ತುಂಬಿಸಿ ಗಾಡಿಗೆ ಹಾಕಿದ. ಸೊಲ್ಲಾಪುರದಲ್ಲಿ ಗಾರ್ಡುಗಳು ಬದಲಾದರು, ಜಾಡಿಗಳು ಕೈಯಿಂದ ಕೈಗೆ ಸಾಗಿ ವಾಡಿಗೆ ಬಂದವು.

ಪ್ಲಾಟ್‌ಫಾರ್ಮಿನಲ್ಲಿ ಪೊಲೀಸನೊಬ್ಬನಿಗೆ ಅನುಮಾನ ಬಂತು. "ಏನೈತಿ ಇದ್ರಾಗ?"

"ಸಮುಂದರ್ ಅದ ಸಾಬ್" ಎಂದರು ಗಾರ್ಡ್ ಸಾಹೇಬರು ಗಂಭೀರವಾಗಿ.

ಅವನು ಬಿರಡೆ ತೆಗೆದು ಮೂಸಿದ, ಬೆರಳು ಅದ್ದಿ ನೆಕ್ಕಿದ, ಥೂ ಎಂದು ಉಗುಳಿದ. ಕಳ್ಳಭಟ್ಟಿ ಸಿಕ್ಕೀತೆಂದು ಬಂದವನ ಮುಖ ಆಗ ನೋಡುವಂತಿತ್ತು.

ನೀರು ತುಂಬಿದ ದಿನ ಸಾಹೇಬರು ಮದುಮಗನಂತೆ ಓಡಾಡಿದರು. ಉಪ್ಪಿನ ರೀಡಿಂಗ್ ತೆಗೆದರು. ಹಳದಿ ದ್ರಾವಣ ಇಟ್ಟಿಗೆಯ ಕೆಂಪಿಗೆ ತಿರುಗುವ ಪರೀಕ್ಷೆ ಅದು. ಸರಿಯಾಗಿತ್ತು. ಕ್ಷಾರ ನೋಡಿದರು. ಅದೂ ಸರಿ. "ನಮ್ಮ ಕಲ್ಲು ತಮ್ಮಾ, ಸುಣ್ಣದ ಕಲ್ಲು! ನೀರು ಹುಳಿ ಆಗಾಕ ಬಿಡಂಗಿಲ್ಲ" ಎಂದು ತಳದ ಶಹಾಬಾದಿ ಹಾಸಿನ ಅಂಚನ್ನು ಮಗನ ಬೆನ್ನು ತಟ್ಟಿದಂತೆ ತಟ್ಟಿದರು. ನಮ್ಮ ಬಿಸಿಲಿಗೆ ನೀರು ಆರಿ ಉಪ್ಪು ಏರತೊಡಗಿದಾಗ ಕಡಲ ನೀರು ಹಾಕದೆ ಲ್ಯಾಬಿನ ಭಟ್ಟಿ ಇಳಿಸಿದ ನೀರು ಹಾಕಿದರು. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಒಯ್ಯುವುದಿಲ್ಲ ಎಂದು ವೈನಿಗೆ ತಿಳಿಸಿ ಹೇಳಿದರು. "ಗೊತ್ತದರೀ, ನಾ ಸಾರು ಕುದಸಿಲ್ಲೇನು?" ಎಂದರು ವೈನಿ.

ಆಮೇಲೆ ಮೀನು ಬಂದವು. ಬೆರಳುದ್ದದ ಐದು ಮೀನು, ಬೂದು ಹಳದಿ ಮೈಗೆ ಅಡ್ಡಡ್ಡ ಕಪ್ಪು ಪಟ್ಟಿ. ಪಟ್ಟಾಪಟ್ಟಿ ಚಡ್ಡಿಯ ಬಟ್ಟೆಯೇ ಈಜುತ್ತಿದೆಯೆಂದು ಗಾರ್ಡ್ ಸಾಹೇಬರು ನಕ್ಕಿದ್ದೇ ಅವುಗಳ ಹೆಸರು ಪಟ್ಟಾಪಟ್ಟಿ ಎಂದಾಯಿತು. ವಿಭೂತಿಯ ಮನೆಗೆ ಮೀನು ಬಂದಿವೆ ಎಂದು ಕಾಲೊನಿಯಲ್ಲಿ ಎರಡು ದಿನ ಪಿಸುಪಿಸು. ನೋಡಲು ಬಂದವರು ಅಡುಗೆಮನೆಯ ಕಡೆಗೂ ಒಮ್ಮೆ ಇಣುಕಿ ಹೋದರು. ವೈನಿ ಮಾತ್ರ ಗಾಜಿಗೆ ಮೂಗು ಹಚ್ಚಿ ಕುಳಿತುಬಿಟ್ಟರು. ಕಪ್ಪು ಪಟ್ಟಿ ಇದ್ದದ್ದರಿಂದ ಅವರ ಮಸಕು ಕಣ್ಣಿಗೂ ಮೀನು ಸಿಕ್ಕುತ್ತಿತ್ತು. "ಬಂತು, ಹೋತು, ಮತ್ತ ಬಂತು" ಎಂದು ಕೂಸಿನಂತೆ ಹೇಳುತ್ತಿದ್ದರು. ಸಾಹೇಬರು ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಷ್ಟು ಸುಖದಲ್ಲಿ ಅವರನ್ನು ನಾನು ಎಂದೂ ಕಂಡಿರಲಿಲ್ಲ.

ಆ ಸುಖಕ್ಕೆ ಒಂದು ವಾರದ ಆಯುಸ್ಸೂ ಇರಲಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಸಾಹೇಬರು ನೀರಿನಲ್ಲಿ ಅಮೋನಿಯಾ ನೋಡಿದರು. ಅದರ ಪರೀಕ್ಷೆಯಲ್ಲಿ ನೀರು ಶುದ್ಧವಿದ್ದರೆ ಬಣ್ಣ ಬರುವುದಿಲ್ಲ, ಕೆಟ್ಟಿದ್ದರೆ ಹಳದಿ, ಭಾಳ ಕೆಟ್ಟಿದ್ದರೆ ಕಂದು. ನಳಿಗೆಯಲ್ಲಿ ಹಳದಿ ಬಂತು. ಮೀನಿನ ಹೇಲು, ಅವು ತಿನ್ನದೆ ಉಳಿದ ಕಾಳು ಕೊಳೆತು ಆದ ವಿಷ ಅದು.

ರೀಡಿಂಗ್ ತಪ್ಪಿದೆ, ಇನ್ನೇನು, ತಿದ್ದಬೇಕು. ಮೀನುಗಳನ್ನು ಬೋಗುಣಿಗೆ ಹಾಕಿ, ಅರ್ಧ ನೀರು ಚೆಲ್ಲಿ, ಜಾಡಿಯ ಹೊಸ ನೀರು ತುಂಬಿದರು. ತಳದ ಮರಳನ್ನೆಲ್ಲ ಬಗೆದು ಲ್ಯಾಬಿಗೆ ಒಯ್ದು ಓವನ್ನಿನಲ್ಲಿಟ್ಟು ಕಾಯಿಸಿದರು. ಸಿಮೆಂಟ್ ಲ್ಯಾಬಿನವರಿಗೆ ಇದು ಚಟ. ಕಲ್ಲು ಬರಲಿ, ಮಣ್ಣು ಬರಲಿ, ಇದ್ದಲು ಬರಲಿ, ಮೊದಲು ಓವನ್ನಿಗೆ ಹಾಕಿ ಒಣಗಿಸದೆ ನಮಗೆ ಮುಂದಿನ ಕೆಲಸ ತೋಚುವುದೇ ಇಲ್ಲ. ಮರಳು ಗರಿಗರಿಯಾಗಿ ತೊಟ್ಟಿಗೆ ಮರಳಿತು. ರೀಡಿಂಗ್ ಸ್ವಚ್ಛ. ನಾಲ್ಕು ದಿನಕ್ಕೆ ಮತ್ತೆ ಹಳದಿ. ಮತ್ತೆ ನೀರು ಚೆಲ್ಲು, ಮತ್ತೆ ಮರಳು ಕಾಯಿಸು. ಒಂದು ಮೀನು ಹೋಯಿತು, ಇನ್ನೊಂದು ಹೋಯಿತು.

"ನಿಮ್ಮ ಮರಳು ಛಲೋ ಹುರದದರಿ, ಒಗ್ಗರಣಿ ಹಾಕಲೇನು?" ಎಂದು ವೈನಿ ನಗಿಸಲು ನೋಡಿದರು. ಸಾಹೇಬರು ನಗಲಿಲ್ಲ. ಕಿಲ್ನನ್ನೇ ಹದದಲ್ಲಿಟ್ಟ ಕೈಗೆ ಒಂದು ತೊಟ್ಟಿ ನೀರು ಬಗ್ಗುತ್ತಿಲ್ಲ. ಜೊತೆಗೆ ವೈನಿ ಗಾಜಿಗೆ ಮುಖವನ್ನು ಮೊದಲಿಗಿಂತ ಹತ್ತಿರ ಒಯ್ಯುತ್ತಿದ್ದರು. ಅದನ್ನು ಅವರೂ ಗಮನಿಸಿದ್ದರು, ನಾನೂ ಗಮನಿಸಿದ್ದೆ. ನಾಲ್ಕನೆಯ ಮೀನು ಸತ್ತ ದಿನ ಅವರು ಲ್ಯಾಬಿನಲ್ಲಿ ಒಂದೇ ಸ್ಯಾಂಪಲನ್ನು ಮೂರು ಸಲ ತೂಗಿದರು. ಉಳಿದದ್ದು ಒಂದು ಪಟ್ಟಾಪಟ್ಟಿ.

ಅಷ್ಟರಲ್ಲಿ ಕಿಲ್ನ್ ಕೈಕೊಟ್ಟಿತು. ಒಳಗಿನ ಇಟ್ಟಿಗೆ ಉದುರಿತ್ತು. ಕಿಲ್ನ್ ತಣಿಸಿ, ಹೊಸ ಇಟ್ಟಿಗೆ ಕಟ್ಟಿಸಿ, ಮತ್ತೆ ಹೊತ್ತಿಸುವತನಕ ಸಾಹೇಬರು ಮನೆಗೆ ಬರುತ್ತಿದ್ದುದು ಸ್ನಾನಕ್ಕೆ ಮಾತ್ರ. ತೊಟ್ಟಿಯ ಕಡೆ ನೋಡಲೂ ಪುರುಸೊತ್ತಿಲ್ಲ. ಕಿಲ್ನ್ ಹೊತ್ತಿದ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಮನೆಗೆ ಬಂದರು. ಹೆದರುತ್ತ ಅಮೋನಿಯಾ ನೋಡಿದರು. ಕಂದು ಬಣ್ಣ ಬಂದೇ ಬರುತ್ತದೆಂದು ನಾನೂ ಅಂದುಕೊಂಡಿದ್ದೆ. ಬಂದದ್ದು ಹಳದಿ. ಅದೂ ತೆಳು ಹಳದಿ, ಮೊದಲಿಗಿಂತ ಕಡಿಮೆ!

ಸಾಹೇಬರು ಕುರ್ಚಿ ಎಳೆದು ಕುಳಿತರು. ಎದ್ದರು. ಇನ್ನೊಂದು ನಳಿಗೆಗೆ ಬೇರೆ ದ್ರಾವಣ ಹನಿಸಿದರು. ನೀರು ಗುಲಾಬಿಯಾಯಿತು. ಆ ಗುಲಾಬಿ ನಮಗೆ ಪರಿಚಯದ್ದೇ. ಮಳೆಗಾಲದ ಮೊದಲಲ್ಲಿ ಕಾಗಿಣಾ ನದಿಯಿಂದ ಕಾಲೊನಿಗೆ ಬರುವ ಕುಡಿಯುವ ನೀರನ್ನು ನಾವೇ ಪರೀಕ್ಷಿಸುತ್ತಿದ್ದೆವು. ಅಮೋನಿಯಾ ಇದ್ದರೆ ಹೊಲಸು ಈಗ ತಾನೇ ಬಿದ್ದಿದೆ ಎಂದರ್ಥ. ಗುಲಾಬಿ ಬಂದರೆ ನೈಟ್ರೈಟು, ಆ ಹೊಲಸು ಅರ್ಧ ಜೀರ್ಣವಾಗಿದೆ. ಅದೂ ಹೋಗಿ ನೈಟ್ರೇಟು ಉಳಿದರೆ ಹಳೆಯ ಕಥೆ, ಅಷ್ಟೇನೂ ಭಯವಿಲ್ಲ. ವರ್ಷ ವರ್ಷ ನೋಡಿದ ಲೆಕ್ಕವೇ. ಆದರೆ ಅದು ತೊಟ್ಟಿಗೂ ಸಲ್ಲುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ತಮ್ಮಾ, ಯಾರೋ ಉಣ್ಣಾಕತ್ತಾರ" ಎಂದರು ಸಾಹೇಬರು. "ಕಣ್ಣಿಗಿ ಕಾಣಲಾರದ ಹುಳ. ಒಂದು ಜಾತಿ ಅಮೋನಿಯಾ ಉಂಡು ಈ ಗುಲಾಬಿ ಬಿಡ್ತದ. ಇನ್ನೊಂದು ಜಾತಿ ಬಂದು ಗುಲಾಬಿ ಉಣಬೇಕು. ಅವು ಮನಿ ಮಾಡೋದು ಮರಳಿನ್ಯಾಗ."

"ಅದ ಮರಳಲ್ಲೇನ್ರಿ ನೀವು ವಾರಕ್ಕೊಮ್ಮೆ ಹುರಿಯೋದು?" ಎಂದರು ವೈನಿ. "ಉಣ್ಣೋರನ್ನೆಲ್ಲ ಹುರದು ಹಾಕಿ, ಎಂಜಲಾ ಯಾಕ ಉಳೀತು ಅಂತ ಕೇಳ್ತೀರಲ್ಲ!"

ಸಾಹೇಬರು ಬಿದ್ದು ಬಿದ್ದು ನಕ್ಕರು. ಅಷ್ಟು ದಿನದ ನಗು ಒಟ್ಟಿಗೆ ಬಂದಿತ್ತು.

ಅರ್ಥವಾಗುವುದು ಬೇರೆ, ಕೈ ಕಟ್ಟಿ ಕುಳಿತುಕೊಳ್ಳುವುದು ಬೇರೆ. ಗುಲಾಬಿಯೂ ವಿಷವೇ. ಅದು ದಿನದಿನಕ್ಕೆ ಗಾಢವಾಗುತ್ತಿತ್ತು. ಮೀನಿನ ಉಸಿರು ಜೋರಾಗಿತ್ತು. ಎರಡನೆಯ ಜಾತಿಯ ಹುಳ ಹುಟ್ಟಿ ಬೆಳೆಯುವತನಕ ಮರಳು ಮುಟ್ಟಬಾರದು, ಕಾಳು ಚಿಟಿಕೆಗಿಂತ ಹೆಚ್ಚು ಹಾಕಬಾರದು, ಕಾಯಬೇಕು. ಹಾಗೆಂದು ನನಗೆ ಪಾಠ ಹೇಳಿದವರೇ ಅವರು. ಆದರೆ ಮುಂದಿನ ರವಿವಾರ ನಾನು ಹೋದಾಗ ಅಂಗಿಯ ತೋಳು ಮಡಚಿ, ಕೈಯಲ್ಲಿ ಬಕೆಟ್ ಹಿಡಿದು ತೊಟ್ಟಿಯ ಮುಂದೆ ನಿಂತಿದ್ದರು. ವೈನಿ ಅಡ್ಡ ನಿಂತಿದ್ದರು.

"ಒಂದ ಉಳದದರೀ. ಅದನ್ನ ಬಿಡ್ರಿ."

"ಸುಮ್ನ ಕುಂತ್ರ ಅದೂ ಸಾಯ್ತದ. ಏನರ ಮಾಡಬೇಕಲ್ಲ?"

"ನೀವ ಹೇಳೀರಿ, ಏನೂ ಮಾಡಬಾರದು ಅಂತ."

"ಹೇಳೀನಿ. ಖರೆ, ನಾ ಇಲ್ಲಿದ್ದರ ಕೈ ಹಾಕೇ ಹಾಕ್ತೀನಿ. ನನಗ ಗೊತ್ತದ."

"ಹಂಗಾದ್ರ ಇಲ್ಲಿ ಇರಬ್ಯಾಡ್ರಿ" ಎಂದರು ವೈನಿ. ದನಿಯಲ್ಲಿ ನಗು ಇರಲಿಲ್ಲ. "ಬೊಂಬಾಯಿಗಿ ಹೋಗೋಣು. ಡಾಕ್ಟರ್ ಏನ್ ಹೇಳ್ಯಾರ, ನೀವು ನನ್ನ ಮುಂದ ಹೇಳಿಲ್ಲ. ಕಣ್ಣು ನಂದದರೀ, ನನಗ ಗೊತ್ತಿಲ್ಲೇನು? ಹೋದ ತಿಂಗಳು ಇದ್ರ ಪಟ್ಟಿ ಎಣಸ್ತಿದ್ದೆ. ಈಗ ಮೀನು ಎಲ್ಲದ ಅಂತ ಹುಡುಕಾಕತ್ತೀನಿ. ನಿಮ್ಮ ರಿಪೇರಿ ಮುಗಿಯೋ ತನಕ ಇದು ಕಾಯಂಗಿಲ್ಲ."

ಸಾಹೇಬರು ಬಕೆಟ್ ಕೆಳಗಿಟ್ಟರು. ನಾನು ಹೊರಟುಹೋಗಲೆಂದು ತಿರುಗಿದರೆ, "ನಿಂದ್ರು ತಮ್ಮಾ" ಎಂದರು. ಕಣ್ಣು ಒರೆಸಿಕೊಂಡು, "ನೀ ನೋಡ್ಕೋತೀಯೇನು?" ಎಂದು ಕೇಳಿದರು. ತೊಟ್ಟಿಯನ್ನೋ ಲ್ಯಾಬನ್ನೋ ಎಂದು ನಾನು ಕೇಳಲಿಲ್ಲ. ಎರಡಕ್ಕೂ ಸೇರಿಸಿ ಹೂಂ ಎಂದೆ.

ಅವರು ರಜೆ ಕೇಳಲು ಹೋದಾಗ ಮ್ಯಾನೇಜರರು ರಾಜೀನಾಮೆ ಎಂದೇ ತಿಳಿದು ಕುರ್ಚಿಯಿಂದ ಎದ್ದರಂತೆ. ಗಾಡಿ ಹತ್ತುವ ಮೊದಲು ಕಿಟಕಿಯೊಳಗಿಂದ ನನ್ನ ಕೈ ಹಿಡಿದು, "ಏನೂ ಮಾಡಬ್ಯಾಡ. ನೋಡು, ಅಷ್ಟ" ಎಂದರು. ಗಾರ್ಡ್ ಸಾಹೇಬರು ಹಸಿರು ಬಾವುಟ ಬೀಸಿ, "ಫಿಕರ್ ಮಾಡಬ್ಯಾಡ್ರಿ ಸಾಬ್, ಗಾಡಿ ವಾಪಸ್ ಬರ್ತದ" ಎಂದು ಕೂಗಿದರು.

ಏನೂ ಮಾಡದೆ ಇರುವುದು ಎಂಥ ಕಷ್ಟದ ಕೆಲಸವೆಂದು ನನಗೆ ಆಗ ಗೊತ್ತಾಯಿತು. ಬೆಳಿಗ್ಗೆ ನಳಿಗೆ ಹಿಡಿದರೆ ದಾಸವಾಳದಂತಹ ಗುಲಾಬಿ. ಸಂಜೆ ಹಿಡಿದರೂ ಅದೇ. ಮೀನು ಮೂಲೆಯಲ್ಲಿ ನಿಂತು ಬಾಯಿ ಬಿಡುತ್ತಿದೆ. ನನ್ನ ಕಣ್ಣೂ ಬಕೆಟಿನ ಕಡೆ ಹೋಯಿತೆಂಬುದನ್ನು ಯಾಕೆ ಮುಚ್ಚಿಡಲಿ? ಬಕೆಟನ್ನು ಎತ್ತಿ ನಮ್ಮ ಮನೆಯ ಅಟ್ಟಕ್ಕೆ ಹಾಕಿದೆ. ಕಾರ್ಖಾನೆಯಲ್ಲಿ ಸಾಹೇಬರಿಲ್ಲದೆಯೂ ಸಿಮೆಂಟು ಸಿಮೆಂಟೇ ಆಗುತ್ತಿತ್ತು. ಈ ಮಾತನ್ನು ಅವರಿಗೆ ಹೇಳಬಾರದೆಂದು ನಾವೆಲ್ಲ ಒಪ್ಪಂದ ಮಾಡಿಕೊಂಡೆವು. ಹೀಗೆ ದಿನ ಕಳೆಯುತ್ತಿದ್ದಾಗ ಒಂದು ಬೆಳಿಗ್ಗೆ ಗುಲಾಬಿ ತೆಳುವಾಯಿತು. ಮರುದಿನ ಇನ್ನೂ ತೆಳು. ಅದರ ಮರುದಿನ ನಳಿಗೆಯಲ್ಲಿ ಬಣ್ಣವೇ ಇಲ್ಲ. ದ್ರಾವಣ ಕೆಟ್ಟಿರಬೇಕೆಂದು ಹೊಸದು ಕಲಸಿ ನೋಡಿದೆ. ಇಲ್ಲ, ನೀರು ತಿಳಿ. ಪಟ್ಟಾಪಟ್ಟಿ ಮೂಲೆ ಬಿಟ್ಟು ಬಂದು ನನ್ನ ಬೆರಳ ನೆರಳಿನ ಹಿಂದೆ ಓಡಾಡಿತು. ಒಬ್ಬನೇ ಕುಳಿತು ಚಪ್ಪಾಳೆ ಹೊಡೆದೆ.

ಆ ಮೀನು ಸಾಹೇಬರು ನಿವೃತ್ತರಾಗುವತನಕ ಬದುಕಿತ್ತು. ವೈನಿಯ ಕಣ್ಣು ಮಾತ್ರ ಮುಂದಿನ ವರ್ಷವೇ ಪೂರ್ತಿ ಹೋಯಿತು. ಅದಾದ ಮೇಲೂ ಅವರು ಗಂಡನನ್ನು ಕಾಡಿಸುವುದು ಬಿಡಲಿಲ್ಲ. ಸಾಹೇಬರು ಪ್ರತಿ ವರ್ಷ ರಜೆ ಹಾಕುವುದನ್ನೂ ಬಿಡಲಿಲ್ಲ.

ಬೊಂಬಾಯಿಯ ಕಥೆಯನ್ನು ಅವರು ನನಗೆ ಹೇಳಿದ್ದು ಲ್ಯಾಬಿನಲ್ಲಿ, ಚಹಾದ ಹೊತ್ತಿಗೆ. ಗಾಡಿ ಇಳಿದವರೇ ನೇರ ಸಮುದ್ರಕ್ಕೆ ಹೋದರಂತೆ. ಇಳಿಹೊತ್ತು. ವೈನಿ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. "ಕಾಣ್ತದೇನು?" ಎಂದು ಇವರು ಕೇಳಿದರು. "ಅರ್ಧ ಕಾಣ್ತದ, ಅರ್ಧ ಕೇಳ್ತದ. ಭಾಳ ದೊಡ್ಡದದರೀ" ಎಂದರು ವೈನಿ. ಇವರು ಏನು ಮಾಡುವುದೋ ತಿಳಿಯದೆ ಚೀಲದಿಂದ ಬಾಟಲಿ ತೆಗೆದು ಕುಕ್ಕರುಗಾಲಲ್ಲಿ ಕುಳಿತು ಸ್ಯಾಂಪಲ್ ತುಂಬತೊಡಗಿದರು. ಗುಳುಗುಳು ಸಪ್ಪಳ ಕೇಳಿ ವೈನಿ ತಿರುಗಿದರು.

"ಏನ್ರಿ, ಇಷ್ಟು ನೀರು ಯಾರ್ ನೋಡ್ಕೋತಾರ?"

"ಯಾರೂ ಇಲ್ಲ" ಎಂದರು ಸಾಹೇಬರು.

"ಹಂಗಾದ್ರ ಬರ್ರಿ, ನನ್ನ ಬಾಜೂಕ ಕುಂದ್ರಿ." ವೈನಿ ದಂಡೆಗೆ ಬಂದು ಕುಳಿತರು.

ಸಾಹೇಬರು ಬಾಟಲಿಯ ನೀರನ್ನು ಅಲ್ಲೇ ಸುರಿದು, ಒದ್ದೆ ಮರಳಿನಲ್ಲಿ ಅವರ ಪಕ್ಕಕ್ಕೆ ಹೋಗಿ ಕುಳಿತರಂತೆ. ಕತ್ತಲಾಗಿ ಇಬ್ಬರಿಗೂ ಏನೂ ಕಾಣದಾಗುವತನಕ ಎದ್ದೇಳಲಿಲ್ಲವಂತೆ.